ಶ್ರೇಯಾಂಕದ ಪಟ್ಟಿಯಲ್ಲಿ ಶರೀಫರ ಪದ

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರ ವಾದ್ಯವೃಂದವು 2008ರಲ್ಲಿ ತನ್ನ ಮೊದಲ ಗೀತಸಂಪುಟವನ್ನು ಹೊರತಂದಿತು. ಹಿಂದಿ, ಇಂಗ್ಲಿಷ್ ಹಾಡುಗಳ ಜತೆಗೆ ಅದರಲ್ಲಿ ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಎಂಬ ತತ್ತ್ವಪದವೂ ಇದ್ದಿತು. 2010ರಲ್ಲಿ ಈ ವೃಂದವು ಬಿಬಿಸಿಯ ಜೂಲ್ಸ್ ಹಾಲೆಂಡರ ಕಾರ್ಯಕ್ರಮದಲ್ಲಿ ಹಾಡಿದ ಬೆನ್ನಿಗೇ ಆ ಸಂಪುಟ ಬ್ರಿಟನ್ನಿನ ಐಟ್ಯೂನ್ಸ್ ಮಾರಾಟದ ‘ವಿಶ್ವಸಂಗೀತ’ ವಿಭಾಗದಲ್ಲಿ ಅಗ್ರಸ್ಥಾನಕ್ಕೇರಿತು.

ಬೈಲಹೊಂಗಲದ ಕಾಲೇಜು ತರುಣರಿಗೆ ಇದು ಅಭಿಮಾನದ ಸಂಗತಿ. ಭಜನಾಮೇಳದ ಹಿರಿಯರಿಗೆ ಮಾತ್ರ ಗಿಟಾರಿನ ಅಬ್ಬರ ಸೇರದು. ಈ ಆಕ್ಷೇಪಣೆಯನ್ನು ನಾನು ಒಪ್ಪಲಾರೆ. ಅವರ ಮುಂದಿರುವ ಪೇಟಿಯೂ ಯುರೋಪಿನಿಂದ ಬಂದದ್ದೇ ಅಲ್ಲವೆ? ಏಕತಾರಿಯ ಪಕ್ಕದಲ್ಲಿ ಅದಕ್ಕೆ ಮಣೆ ಹಾಕಿದವರು ಗಿಟಾರಿಗೆ ಮುಖ ತಿರುವುವುದು ನ್ಯಾಯವಲ್ಲ.

ನನ್ನ ಶಂಕೆ ಇರುವುದು ಆ ಪಟ್ಟಿಯ ಬಗ್ಗೆ. ಅಮೆರಿಕದ ದಕ್ಷಿಣ ಸೀಮೆಯ ರಾಕ್ ಸಂಗೀತಕ್ಕೆ ಹೆಸರಾದ ಆಲ್ಮನ್ ಬ್ರದರ್ಸ್ ವೃಂದದ ‘ಬ್ರದರ್ಸ್ ಅಂಡ್ ಸಿಸ್ಟರ್ಸ್’ 1973ರಲ್ಲಿ ಬಿಲ್‌ಬೋರ್ಡ್ ಪಟ್ಟಿಯ ತುದಿಯಲ್ಲಿ ಐದು ವಾರ ನಿಂತಿತು. ಅದು ಎಲ್ಲರೂ ಸ್ಪರ್ಧಿಸುವ ಸಾಮಾನ್ಯ ಪಟ್ಟಿ. ತಮ್ಮ ಸೀಮೆಯ ಹಾಡು ಅವರಿಗೆ ಬರಿಯ ಸಂಗೀತ, ನಮ್ಮ ಸೀಮೆಯದು ‘ವಿಶ್ವ’ದ್ದು! ಗೌರವದ ಹೆಸರೇನೋ ಹೌದು. ಆದರೆ ಅದು ಹೊರಜಗಲಿಯ ಗೌರವ. ಅಲ್ಲದೆ ಸಣ್ಣ ವಿಭಾಗದಲ್ಲಿ ಮೊದಲಿಗರಾಗಲು ದೊಡ್ಡ ಸಂಖ್ಯೆಯ ಮಾರಾಟವೂ ಬೇಕಿಲ್ಲ.

ಪದದ ಅರ್ಥವನ್ನಂತೂ ಯಾವ ಪಟ್ಟಿಯೂ ಅಳೆಯದು. ಗುಡುಗುಡಿ ಸೇದುವುದೆಂದರೆ ಶರೀಫರಿಗೆ ಒಳಗಿನ ಕಲ್ಮಷವನ್ನು ಸುಡುವ ಸಾಧನೆ. ಸಿ. ಅಶ್ವತ್ಥರ ಕಂಠದಿಂದ 1990ರ ಚಲನಚಿತ್ರದಲ್ಲಿ ನಾಡೆಲ್ಲ ಹರಡಿದ ಸೋರುವ ಮಾಳಿಗೆಯ ಪದವೂ ಅಂಥದೇ. ತೊಲೆ, ಜಂತಿಗಳ ಮೇಲೆ ಮಣ್ಣು ಹಾಸಿದ ಚಪ್ಪಟೆ ಮಾಳಿಗೆಯನ್ನು ಮಳೆಗಾಲಕ್ಕೆ ಮುನ್ನ ದುರಸ್ತಿ ಮಾಡದಿದ್ದರೆ ಮನೆಯವರ ಪಾಡೇನೆಂಬುದನ್ನು ಸವದತ್ತಿ, ರಾಮದುರ್ಗಗಳ ಹಿರಿಯರಿಗೆ ವಿವರಿಸಬೇಕಿಲ್ಲ. ಸಿಮೆಂಟಿನ ಸೂರಿನಡಿ ಹುಟ್ಟಿದ ನಮ್ಮ ವಿದ್ಯಾರ್ಥಿಗೆ ವಿವರಿಸಬೇಕಾಗಿದೆ. ಈ ವಿಷಯದಲ್ಲಿ ಅವನೂ ಲಂಡನ್ನಿನ ಶ್ರೋತೃವೂ ಸಮಾನರೇ.

ಶರೀಫರು (1819–1889) ಕೆಲಕಾಲ ಕನ್ನಡ ಶಾಲೆಯ ಮಾಸ್ತರರಾಗಿದ್ದವರು. ಅವರ ಪದಗಳು ಯಾವ ಮುದ್ರಿಕೆಯ ನೆರವೂ ಇಲ್ಲದೆ ಬಾಯಿಂದ ಬಾಯಿಗೆ ಉಳಿದು ಬಂದವು. ಕಿತ್ತೂರಿನ ಚೆನ್ನಮ್ಮ, ಸಂಗೊಳ್ಳಿ ರಾಯಣ್ಣರ ಲಾವಣಿಗಳೂ ಎಲ್ಲಮ್ಮನ ಗುಡ್ಡದ ಚೌಡಿಕೆಯ ಪದಗಳೂ ಹಾಗೆಯೇ. ಊರಿಗೊಂದು ಪಾಠ, ಮೇಳಕ್ಕೊಂದು ಮಟ್ಟು. ಒಂದು ಮಟ್ಟು ಪ್ರಸಿದ್ಧವಾಯಿತೆಂದರೆ ತರುಣರು ಅದನ್ನೇ ಕಲಿಯುತ್ತಾರೆ. ಉಳಿದವು ಹಾಡುವವರೊಡನೆ ಮಣ್ಣಾಗುತ್ತವೆ. ಇದರಲ್ಲಿ ದೀಕ್ಷಿತರ ದೋಷವೇನೂ ಇಲ್ಲ. ಅವರು ತಮ್ಮ ಕೆಲಸವನ್ನು ಮಾಡಿದ್ದಾರೆ.

ನಮ್ಮ ಕೆಲಸ ಬಾಕಿ ಇದೆ. ಭಾರತ ಹುಣ್ಣಿಮೆಗೆ ಗುಡ್ಡಕ್ಕೆ ಹೋಗುವ ವಿದ್ಯಾರ್ಥಿಗಳ ಜೇಬಿನಲ್ಲಿ ಧ್ವನಿ ಹಿಡಿಯುವ ಮೊಬೈಲ್ ಇದ್ದೇ ಇರುತ್ತದೆ. ಹಾಡಿದವರ ಒಪ್ಪಿಗೆ ಪಡೆದು, ಅವರ ಹೆಸರು, ಊರು, ಕಲಿಸಿದ ಗುರುವಿನ ಹೆಸರುಗಳೊಡನೆ ಒಂದೊಂದು ಪದವನ್ನು ಹಿಡಿದು ತಂದರೆ, ಕನ್ನಡ ಅಧ್ಯಾಪಕರು ಅದನ್ನು ಬರೆಯಿಸಿ ಕಾಲೇಜಿನ ಗ್ರಂಥಾಲಯದಲ್ಲಿ ಇರಿಸಬಹುದು.