ಮೊದಲು ಹೋದಾಕಿ ಏನಾದಳು?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಹುಮನಾಬಾದಿನಲ್ಲೂ ನಮ್ಮ ಬಸವಕಲ್ಯಾಣದಲ್ಲೂ ಮಾತು ಒಂದೇ. ಸೈನ್ಸೋ ಕಾಮರ್ಸೋ, ಬೀದರೋ ಕಲಬುರಗಿಯೋ? ಆದರೆ ಕೆಲವೇ ಕೆಲವು ಮನೆಗಳಲ್ಲಿ ಬೇರೊಂದು ಚರ್ಚೆ ನಡೆದಿರುತ್ತದೆ. ಆ ಮನೆಯ ಹುಡುಗ ಅಥವಾ ಹುಡುಗಿ ತಾಲ್ಲೂಕು, ಜಿಲ್ಲೆ, ವಿಭಾಗ ಎಲ್ಲ ದಾಟಿ ರಾಜ್ಯ ಮಟ್ಟದಲ್ಲಿ ಆಡಿ ಬಂದಿರುತ್ತಾರೆ. ಯಾವುದೋ ಊರಿನ ಕಾಲೇಜಿನಿಂದ ಪಿ.ಟಿ. ಮಾಸ್ತರರಿಗೆ ಫೋನು ಬಂದಿರುತ್ತದೆ: "ಆ ಹುಡುಗೀನ ನಮಗೆ ಕೊಡಿ ಸಾರ್. ಫೀಸಿಲ್ಲ, ಹಾಸ್ಟೆಲ್ ಫ್ರೀ, ಊಟ ಫ್ರೀ." ಇಂಥ ಫೋನು ಎರಡು ಕಾಲೇಜಿನಿಂದ ಬಂದರೆ ಮನೆಯಲ್ಲಿ ನಿದ್ದೆ ಇರುವುದಿಲ್ಲ ಬಿಡಿ.

ಇದು ಅಮೆರಿಕದಲ್ಲಿ ಟಿವಿಯಲ್ಲಿ ತೋರಿಸುವಷ್ಟು ದೊಡ್ಡ ವಿಷಯ. ಹೈಸ್ಕೂಲು ಮುಗಿಸುವ ಒಳ್ಳೆಯ ಬಾಸ್ಕೆಟ್‌ಬಾಲ್ ಹುಡುಗ ಮೇಜಿನ ಮೇಲೆ ನಾಲ್ಕೈದು ಕಾಲೇಜುಗಳ ಟೋಪಿ ಸಾಲಾಗಿ ಇಟ್ಟುಕೊಂಡು ಕೂಡುತ್ತಾನೆ. ಕೊನೆಗೆ ಒಂದನ್ನು ಎತ್ತಿ ತಲೆಗೆ ಹಾಕಿಕೊಳ್ಳುತ್ತಾನೆ. ಹಾಕಿಕೊಂಡ ಟೋಪಿಯ ಕಾಲೇಜಿಗೆ ಹಬ್ಬ, ಉಳಿದವರ ಮುಖ ನೋಡಬೇಕು! 2021ರ ಜುಲೈನಿಂದ ಅಲ್ಲಿನ ಕಾಲೇಜು ಆಟಗಾರರು ತಮ್ಮ ಹೆಸರು, ಫೋಟೊ ಬಳಸಿ ಜಾಹೀರಾತಿನಲ್ಲಿ ದುಡಿಯಬಹುದು. 2025ರ ಜುಲೈನಿಂದ ಕಾಲೇಜುಗಳೇ ನೇರವಾಗಿ ಹಣ ಕೊಡುವುದಕ್ಕೂ ದಾರಿಯಾಗಿದೆ. ಆದರೆ ದುಡ್ಡು ಬರುವ ಮೊದಲೂ ಮಕ್ಕಳು ಕೆಲವೇ ಕಾಲೇಜುಗಳ ಹಿಂದೆ ಬೀಳುತ್ತಿದ್ದರಲ್ಲ, ಅದೇಕೆ? ಕೆಂಟಕಿ ವಿಶ್ವವಿದ್ಯಾಲಯದ ಉದಾಹರಣೆ ನೋಡಿ. 2010ರ ಎನ್‌ಬಿಎ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಆ ಒಂದು ಕಾಲೇಜಿನ 5 ಆಟಗಾರರನ್ನು ವೃತ್ತಿಪರ ತಂಡಗಳು ಆರಿಸಿಕೊಂಡವು. ಅದನ್ನು ನೋಡಿದ ಹೈಸ್ಕೂಲು ಹುಡುಗನಿಗೆ ಕರಪತ್ರ ಯಾಕೆ ಬೇಕು? ಮೊದಲು ಹೋದವರು ಏನಾದರು ಎಂಬುದೇ ಕರಪತ್ರ.

ನಮ್ಮ ಕಡೆ ಹೈಸ್ಕೂಲು ಅಂಗಳದಲ್ಲಿ ವಾಲಿಬಾಲ್ ನೆಟ್ ಕಂಡಷ್ಟು ಬಾಸ್ಕೆಟ್‌ಬಾಲ್ ರಿಂಗ್ ಕಾಣುವುದಿಲ್ಲ. ವಾಲಿಬಾಲ್, ಕಬಡ್ಡಿ, ಖೋಖೋ, ಓಟ, ಇವೇ ನಮ್ಮವು. ಆದರೂ ಲೆಕ್ಕಾಚಾರ ಅದೇ. ಕರ್ನಾಟಕದಲ್ಲಿ ಈ ಮಾತು ಬಂದಾಗ ಮೊದಲು ಕೇಳುವ ಹೆಸರು ಮೂಡುಬಿದಿರೆಯ ಆಳ್ವಾಸ್. ಡಾ. ಎಂ. ಮೋಹನ ಆಳ್ವರ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಓದು, ಊಟ, ವಸತಿ ನೋಡಿಕೊಳ್ಳುತ್ತದೆ. ಊರ ಸ್ವರಾಜ್ಯ ಮೈದಾನದಲ್ಲಿ ಸಿಂಥೆಟಿಕ್ ಟ್ರ್ಯಾಕ್ ಇದೆ. 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ಅದೇ ಮೈದಾನದಲ್ಲಿ ನಡೆದು, ಆಳ್ವಾಸ್ ಮಕ್ಕಳ ಬಲದ ಮಂಗಳೂರು ವಿಶ್ವವಿದ್ಯಾಲಯವೇ ಚಾಂಪಿಯನ್ ಆಯಿತು. ಅಂಥ ತಂಡದ ಜರ್ಸಿ ಹಾಕಬೇಕೆಂದು ಹದಿನಾರರ ಮಗುವಿಗೆ ಆಸೆ ಆಗದಿದ್ದರೆ ಅದು ಆಟಗಾರನೇ ಅಲ್ಲ.

ನನ್ನ ಅಣ್ಣನ ಮನೆ ಹುಮನಾಬಾದ್. ಅವನ ಮಗಳು ವಾಲಿಬಾಲ್ ಆಡುತ್ತಾಳೆ. ಈ ಸಲ ಕರಾವಳಿಯ ಒಂದು ಕಾಲೇಜಿನ ಕರೆ ಬಂದಾಗ ವೈನಿ ನನಗೆ ಫೋನು ಹಚ್ಚಿದರು. "ಏಳುನೂರು ಕಿಲೋಮೀಟರ್ ಅದ ಅಂತಾರಲ್ರಿ. ಹುಡುಗಿ ಜ್ವರ ಬಂದು ಮಲಗಿದ್ರ ಯಾರ್ ನೋಡ್ತಾರ? ನಮ್ಮಾಕಿ ದಿನಾ ರೊಟ್ಟಿ ತಿನ್ನಾಕಿ, ಅಲ್ಲಿ ಕುಚ್ಚಲಕ್ಕಿ ಅನ್ನ ಅಂತ." ರೊಟ್ಟಿಯ ಮಾತಿಗೆ ನಗಬೇಡಿ. ಜೋಳದ ರೊಟ್ಟಿ, ಶೇಂಗಾ ಹಿಂಡಿ ತಿಂದು ಬೆಳೆದ ಮಗು ಮೊದಲ ಮಳೆಗಾಲದಲ್ಲೇ ಸೊರಗಿ ಊರಿಗೆ ಓಡಿ ಬಂದರೆ ಉಳಿದ ಸೌಲಭ್ಯ ಇದ್ದೇನು ಉಪಯೋಗ? ಹುಡುಗಿಯನ್ನು ಕೇಳಿದೆ, ನಿನಗ್ಯಾಕೆ ಅಲ್ಲಿಗೇ ಹೋಗಬೇಕು ಅಂತ. ಟ್ರ್ಯಾಕು, ಜಿಮ್ಮು, ಟ್ರೋಫಿ ಯಾವುದನ್ನೂ ಹೇಳಲಿಲ್ಲ. "ಅತ್ತಿ, ನಮ್ಮ ಕಡೀ ಅಕ್ಕ ಒಬ್ಬಾಕಿ ಅಲ್ಲಿ ಇದ್ದಾಳ. ಮೊದಲ್ನೇ ವರ್ಷ ಆಕೀನೂ ಅತ್ತಿದ್ಳಂತ. ಈಗ ಟೀಮಿನಾಗ ಆಡ್ತಾಳ" ಅಂದಳು.

ಮಗು ಸರಿಯಾದದ್ದನ್ನೇ ಹಿಡಿದಿದೆ ಅನಿಸಿತು. ಕಾಲೇಜಿನವರಿಗೂ ಇದು ಗೊತ್ತು. ಒಂದು ತಾಲ್ಲೂಕಿನಿಂದ ಮೊದಲ ಮಗುವನ್ನು ಕರೆತರುವುದೇ ಕಷ್ಟ. ಆ ಮಗು ನೆಲೆ ನಿಂತರೆ ಎರಡನೆಯದು, ಮೂರನೆಯದು ತಾನಾಗಿ ಬರುತ್ತವೆ.

ಹಾಗಂತ ಹೆಸರಾದ ತಂಡಕ್ಕೇ ಹೋಗಬೇಕೆಂದಿಲ್ಲ. ವಾಲಿಬಾಲ್ ಅಂಗಳದಲ್ಲಿ ಒಂದು ಕಡೆ ನಿಲ್ಲುವವರು 6 ಮಂದಿ. ಹಾಸ್ಟೆಲಿನಲ್ಲಿ ರಾಜ್ಯ ಮಟ್ಟದವರೇ ಇಪ್ಪತ್ತು ಜನ ಇದ್ದರೆ ನಮ್ಮ ಹುಡುಗಿ ಎರಡು ವರ್ಷ ಚೆಂಡು ಎತ್ತಿಕೊಡುತ್ತ ಕೂಡಬೇಕಾದೀತು. ದಿನಾ ಬಲಿಷ್ಠರ ಜೊತೆ ಆಡಿದರೆ ಆಟ ಏರುತ್ತದೆ, ನಿಜ. ಆದರೆ ಪಂದ್ಯವೇ ಸಿಗದಿದ್ದರೆ ಪ್ರಮಾಣಪತ್ರವೂ ಸಿಗದು. ಅಮೆರಿಕದ ಕೇಟ್ಲಿನ್ ಕ್ಲಾರ್ಕ್ ಹುಟ್ಟಿ ಬೆಳೆದದ್ದು ಅಯೋವಾ ರಾಜ್ಯದಲ್ಲಿ. ದೇಶದ ದೊಡ್ಡ ದೊಡ್ಡ ತಂಡಗಳು ಆಕೆಯ ಹಿಂದೆ ಬಿದ್ದಿದ್ದರೂ ಆಕೆ ಆರಿಸಿಕೊಂಡದ್ದು ತನ್ನ ರಾಜ್ಯದ ಅಯೋವಾ ವಿಶ್ವವಿದ್ಯಾಲಯವನ್ನೇ. ಆ ತಂಡವನ್ನು 2023 ಮತ್ತು 2024ರಲ್ಲಿ ರಾಷ್ಟ್ರೀಯ ಫೈನಲ್‌ವರೆಗೆ ಕೊಂಡೊಯ್ದಳು. ಇನ್ನೊಂದು ತುದಿಗೆ ಬೆಂಗಳೂರಿನ ಸಂಜನಾ ರಮೇಶ್. ಬಾಸ್ಕೆಟ್‌ಬಾಲ್ ಸ್ಕಾಲರ್‌ಶಿಪ್ ಮೇಲೆ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದವರೆಗೂ ಹೋದ ಹುಡುಗಿ. ಒಬ್ಬಾಕಿಗೆ ಮನೆ ಹತ್ತಿರವಿರುವುದು ಒಳ್ಳೆಯದಾಯಿತು, ಇನ್ನೊಬ್ಬಾಕಿಗೆ ಸಮುದ್ರ ದಾಟುವುದು.

ನಮ್ಮಲ್ಲೂ ಪಿಯುಸಿಗೆ ಹೊರಗೆ ಹೋದವರು ಡಿಗ್ರಿಗೆ ತಿರುಗಿ ಬರಬಹುದು. 2023ರಲ್ಲಿ ಬೀದರ್ ವಿಶ್ವವಿದ್ಯಾಲಯ ಶುರುವಾಗಿದೆ. ಹೊಸ ವಿಶ್ವವಿದ್ಯಾಲಯದ ತಂಡದಲ್ಲಿ ಜಾಗ ಸಿಗುವುದು ಸುಲಭವಾದೀತು. ಅಂತರ ವಿಶ್ವವಿದ್ಯಾಲಯ ಪಂದ್ಯದಲ್ಲಿ ಎದುರಿಗೆ ನಿಲ್ಲುವವರು ಅವೇ ದೊಡ್ಡ ತಂಡದವರು.

ನಾನು ಅಣ್ಣ–ವೈನಿಗೆ ಹೇಳಿದ್ದು ಇಷ್ಟೇ. ಕೋಚ್ ಹೇಳಿದ್ದನ್ನು ಕೇಳಿರಿ, ಆಮೇಲೆ ಅಲ್ಲಿರುವ ನಮ್ಮ ಕಡೆಯ ಮಕ್ಕಳಿಗೆ ಬೇರೆಯಾಗಿ ಫೋನು ಮಾಡಿರಿ. ಕಳೆದ ವರ್ಷ ಎಷ್ಟು ಪಂದ್ಯ ಆಡಿದಿ? ಪ್ರಾಕ್ಟೀಸು ಬಿಟ್ಟು ಕ್ಲಾಸಿಗೆ ಹೋಗೋದಕ್ಕೆ ಬಿಡ್ತಾರೇನು? ಸೀನಿಯರ್‌ಗಳು ಪೊಲೀಸ್, ರೈಲ್ವೆ, ಸೇನೆಯ ಕ್ರೀಡಾ ಕೋಟಾದಲ್ಲಿ ಸೇರಿದ್ದಾರೇನು? ಮತ್ತೆ ಒಂದು ಪ್ರಶ್ನೆ ಕೋಚ್ ಮುಂದೆಯೇ ಕೇಳಬೇಕು: ಮೊಣಕಾಲು ಹೋದರೆ ಸೀಟು ಉಳಿಯುತ್ತದೆಯೇ? ನಮ್ಮ ತಾಲ್ಲೂಕಿನ ಒಬ್ಬ ಕಬಡ್ಡಿ ಹುಡುಗನಿಗೆ ಕಾಲಿಗೆ ಪೆಟ್ಟಾದ ಮೇಲೆ ಹಾಸ್ಟೆಲ್ ಬಿಲ್ಲು ಬಂತು. ಕಾಲೇಜಿನ ಹೆಸರು ಬೇಡ. ಕೊಟ್ಟ ಮಾತೆಲ್ಲ ಬಾಯಿಮಾತಾಗಿತ್ತು, ಕಾಗದದ ಮೇಲೆ ಏನೂ ಇರಲಿಲ್ಲ. ಅಪ್ಪ ಸಾಲ ಮಾಡಿ ಕಟ್ಟಿದ. ಇದನ್ನು ಕೇಳಿದರೆ ಕೋಚ್ ಬೇಜಾರಾಗುತ್ತಾರೆ ಅನ್ನುವವರಿದ್ದಾರೆ. ಬೇಜಾರಾಗುವ ಕೋಚಾದರೆ ಅಲ್ಲೇ ಬಿಡಿ.

"371(ಜೆ) ಹೋಗ್ತದೇನ್ರಿ?" ಅಂತಲೂ ತಂದೆ ತಾಯಿ ಕೇಳುತ್ತಾರೆ. ನಮ್ಮ ಭಾಗದಲ್ಲಿ ಹುಟ್ಟಿದ ಮಗುವಿಗೆ ಆ ಅರ್ಹತೆ ಇದೆ, ಪಿಯುಸಿ ಕರಾವಳಿಯಲ್ಲಿ ಓದಿದಳೆಂದು ಹೋಗುವುದಿಲ್ಲ. ಹೊರಡುವ ಮುಂಚೆ ಬಸವಕಲ್ಯಾಣದ ಸಹಾಯಕ ಆಯುಕ್ತರ ಕಚೇರಿಯಿಂದ ಪ್ರಮಾಣಪತ್ರ ಮಾಡಿಸಿಟ್ಟರೆ ಆಮೇಲೆ ರಜೆಯಲ್ಲಿ ಓಡಾಡುವುದು ತಪ್ಪುತ್ತದೆ. ಸಿಇಟಿಯಲ್ಲೂ ಕ್ರೀಡಾ ಕೋಟಾದ ಸೀಟುಗಳಿವೆ. ಹಾಗಾಗಿ ರಾಜ್ಯ ಮಟ್ಟದ್ದಾಗಲಿ ಅದಕ್ಕೂ ಮೇಲಿನದಾಗಲಿ, ಆಟದ ಪ್ರಮಾಣಪತ್ರಗಳ ಮೂಲ ಪ್ರತಿ ಮನೆಯ ಟ್ರಂಕಿನಲ್ಲೇ ಇರಲಿ. ಟ್ರಯಲ್ಸ್‌ಗೆ ಹೋಗುವಾಗ ಜೆರಾಕ್ಸ್ ಕೊಡಿ, ಒರಿಜಿನಲ್ ತೋರಿಸಿ ವಾಪಸ್ ತನ್ನಿ.