ನಿಧಾನ ಇಂಟರ್ನೆಟ್ಟು: ದೋಷ ಎಲ್ಲಿದೆಯೆಂದು ಮೊದಲು ನೋಡೋಣ



ಈ ಪುಟದಲ್ಲಿ ನಾವು ಸಾಮಾನ್ಯವಾಗಿ ತೆಂಗಿನ ನುಸಿ, ಅಡಿಕೆಯ ಕೊಳೆರೋಗ, ಕಾಫಿಯ ಕಾಂಡಕೊರಕ ಇತ್ಯಾದಿ ವಿಚಾರಗಳನ್ನು ಬರೆಯುವುದು ವಾಡಿಕೆ. ಈ ಸಲ ಗಿಡಮರಗಳಿಗೆ ಸಂಬಂಧಪಡದ, ಆದರೆ ಬೆಳೆಗಾರನ ಜೇಬಿಗೆ ನೇರವಾಗಿ ಸಂಬಂಧಪಟ್ಟ ಒಂದು ಕಾಯಿಲೆಯ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇವೆ. ಅದು ಇಂಟರ್ನೆಟ್ಟಿನ ನಿಧಾನ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ಇಂದು ಇಂಟರ್ನೆಟ್ಟಿಲ್ಲದೆ ಕೊಬ್ಬರಿ ಅಟ್ಟದಿಂದ ಇಳಿದು ಹಣವಾಗುವುದು ಕಷ್ಟ. ಮಾರುಕಟ್ಟೆಯಲ್ಲಿ ಇ-ಟೆಂಡರ್, ಪಹಣಿಗೆ ಭೂಮಿ, ರೈತನ ಗುರುತಿಗೆ ಫ್ರೂಟ್ಸ್ ಸಂಖ್ಯೆ, ಬೆಂಬಲ ಬೆಲೆಗೆ ಬೆರಳಚ್ಚು, ಎಲ್ಲವೂ ತಂತಿಯ ಮೂಲಕವೇ ಸಾಗಬೇಕು. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸಲು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಲೆಕ್ಕದ ಪುಸ್ತಕ ಕಂಪ್ಯೂಟರಿಗೆ ಹೋಗುತ್ತಿರುವುದು ಸಂತೋಷದ ಸಂಗತಿ. ಆದರೆ ಕಂಪ್ಯೂಟರು ಬಂದ ಮಾತ್ರಕ್ಕೆ ಅದರ ಹಿಂದಿನ ತಂತಿ ಸರಿಹೋಗುವುದಿಲ್ಲ.

ನಿಧಾನವಾದ ಕೂಡಲೇ ನಮ್ಮಲ್ಲಿ ಬಹುಮಂದಿ ಮಾಡುವುದು ಒಂದೇ ಕೆಲಸ, ಹೆಚ್ಚು ಹಣದ ಪ್ಲಾನಿಗೆ ಬದಲಾಯಿಸುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಇದು. ತೋಟದ ಕೊನೆಯ ಸಾಲಿಗೆ ಹನಿ ನೀರು ಹೋಗದಿದ್ದರೆ ನಾವು ಮೊದಲೇ ದೊಡ್ಡ ಮೋಟಾರು ತರುತ್ತೇವೆಯೇ? ಫಿಲ್ಟರಿನ ಹಿಂದೆ ಮುಂದೆ ಒತ್ತಡ ನೋಡುತ್ತೇವೆ, ಪೈಪು ಒಡೆದಿದೆಯೇ ನೋಡುತ್ತೇವೆ, ಕೊನೆಗೆ ಬಾವಿಯ ನೀರು ನೋಡುತ್ತೇವೆ. ಇಲ್ಲಿಯೂ ಕ್ರಮ ಅದೇ. ದೋಷ ಇರಬಹುದಾದ ಜಾಗಗಳು ನಾಲ್ಕು: ನಮ್ಮ ಯಂತ್ರ, ನಮ್ಮ ವೈಫೈ, ಕಂಪನಿಯ ತಂತಿ, ಆಚೆ ಬದಿಯ ಸರ್ವರ್.

ಮೊದಲು ಲೆಕ್ಕವನ್ನು ಅರ್ಥಮಾಡಿಕೊಳ್ಳಬೇಕು. ಕಂಪನಿಗಳು ವೇಗವನ್ನು ಹೇಳುವುದು ಮೆಗಾಬಿಟ್‌ನಲ್ಲಿ, ನಮ್ಮ ಕಡತಗಳ ಗಾತ್ರ ಇರುವುದು ಮೆಗಾಬೈಟ್‌ನಲ್ಲಿ. ಎಂಟು ಬಿಟ್ಟಿಗೆ ಒಂದು ಬೈಟು. 40 ಮೆಗಾಬಿಟ್ಟಿನ ಸಂಪರ್ಕದಲ್ಲಿ ಸೆಕೆಂಡಿಗೆ 5 ಮೆಗಾಬೈಟ್ ಬಂದರೆ ಅದು ಮೋಸವಲ್ಲ, ಸರಿಯಾದ ತೂಕವೇ. ಇನ್ನೊಂದು ಸಂಗತಿ, ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು ಇಳಿಸಿಕೊಳ್ಳುವ ವೇಗ. ಅರ್ಜಿ, ಪಹಣಿ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಕಳಿಸುವಾಗ ನಮಗೆ ಬೇಕಾದದ್ದು ಏರಿಸುವ ವೇಗ. 2 ಮೆಗಾಬೈಟ್ ಗಾತ್ರದ ಸ್ಕ್ಯಾನ್ ಪ್ರತಿ ಎಂದರೆ 16 ಮೆಗಾಬಿಟ್. ಏರಿಸುವ ವೇಗ 1 ಮೆಗಾಬಿಟ್ ಇದ್ದರೆ 16 ಸೆಕೆಂಡು ಸಾಕು, 0.2ಕ್ಕೆ ಇಳಿದರೆ 80 ಸೆಕೆಂಡು ಬೇಕು. ಅಷ್ಟರಲ್ಲಿ ಪುಟದ ಅವಧಿ ಮುಗಿದು ಎಲ್ಲವನ್ನೂ ಮೊದಲಿನಿಂದ ತುಂಬಬೇಕಾಗುತ್ತದೆ. ಅದೇ ಪ್ರತಿಯನ್ನು ಕಪ್ಪುಬಿಳುಪಿನಲ್ಲಿ, ಅಕ್ಷರ ಓದಲು ಸಾಕಾಗುವಷ್ಟೇ ಸ್ಪಷ್ಟತೆಯಲ್ಲಿ ಸ್ಕ್ಯಾನ್ ಮಾಡಿ ಹತ್ತನೇ ಒಂದು ಗಾತ್ರಕ್ಕೆ ಇಳಿಸಿದರೆ ಕಾಲವೂ ಹತ್ತನೇ ಒಂದಾಗುತ್ತದೆ. ಇದಕ್ಕೆ ಒಂದು ಕಾಸೂ ಖರ್ಚಿಲ್ಲ.

ಈಗ ಪರೀಕ್ಷೆಯ ಕ್ರಮ. ರೂಟರನ್ನು ಆರಿಸಿ, ಅರ್ಧ ನಿಮಿಷ ಬಿಟ್ಟು, ಮತ್ತೆ ಹಚ್ಚಿ. ಅನಂತರ ಒಂದು ಕಂಪ್ಯೂಟರನ್ನು ಕೇಬಲ್ಲಿನಿಂದ ನೇರವಾಗಿ ರೂಟರಿಗೆ ಜೋಡಿಸಿ, ಉಳಿದ ಎಲ್ಲ ಸಾಧನಗಳನ್ನು ಬಿಡಿಸಿ ವೇಗ ಅಳೆಯಿರಿ. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ರಾತ್ರಿ ಎಂಟೂವರೆಗೆ, ಹೀಗೆ ಮೂರು ಹೊತ್ತು, ಒಂದು ವಾರ, ಮಳೆ ಅಳತೆ ಬರೆಯುವ ಹಾಗೆ ಪುಸ್ತಕದಲ್ಲಿ ಬರೆದಿಡಿ.

ಕೇಬಲ್ಲಿನಲ್ಲಿ ಚೆನ್ನಾಗಿದ್ದು ವೈಫೈಯಲ್ಲಿ ಮಾತ್ರ ನಿಧಾನವಾದರೆ ದೋಷ ಮನೆಯೊಳಗೇ ಇದೆ. ಕಬ್ಬಿಣದ ಬೀರುವಿನ ಹಿಂದೆ, ಗೋದಾಮಿನ ಶಟರಿನ ಪಕ್ಕ, ತಗಡಿನ ಗೋಡೆಯಾಚೆ ಇಟ್ಟ ರೂಟರಿನಿಂದ ಹೆಚ್ಚೇನೂ ನಿರೀಕ್ಷಿಸುವಂತಿಲ್ಲ. ಎದೆಯೆತ್ತರದಲ್ಲಿ, ಕಟ್ಟಡದ ನಡುವೆ, ತೆರೆದ ಜಾಗದಲ್ಲಿ ಇಡಿ. 2.4 ಗಿಗಾಹರ್ಟ್ಸ್ ಅಲೆ ದೂರ ಹೋಗುತ್ತದೆ, ಆದರೆ ನೆರೆಯವರ ರೂಟರುಗಳೂ ಮೈಕ್ರೋವೇವ್ ಒಲೆಯೂ ಅದೇ ಹಾದಿಯಲ್ಲಿರುತ್ತವೆ. 5 ಗಿಗಾಹರ್ಟ್ಸ್ ವೇಗವಾಗಿದೆ, ಗೋಡೆ ಅಡ್ಡಬಂದರೆ ಸೊರಗುತ್ತದೆ. ಒಂದೇ ಕೋಣೆಯಲ್ಲಿ ಕೆಲಸವಿದ್ದರೆ 5, ದೂರದ ಕೋಣೆಗೆ 2.4 ಒಳ್ಳೆಯದು.

ಉಳಿದವನ್ನು ಬಿಡಿಸಿದಾಗ ವೇಗ ಬಂದು, ಜೋಡಿಸಿದಾಗ ಕುಸಿದರೆ ಒಳಗೇ ಯಾರೋ ನೀರು ಹೀರುತ್ತಿದ್ದಾರೆಂದು ಅರ್ಥ. ಸಾಮಾನ್ಯವಾಗಿ ಅದು ಹಗಲಿರುಳು ಚಿತ್ರ ಕಳಿಸುವ ಕಾವಲು ಕ್ಯಾಮೆರಾ, ತಾನಾಗಿಯೇ ಫೋಟೋ ಏರಿಸುವ ಫೋನು ಅಥವಾ ಕಂಪ್ಯೂಟರು ಸದ್ದಿಲ್ಲದೆ ಇಳಿಸಿಕೊಳ್ಳುವ ಹೊಸ ಆವೃತ್ತಿ. ಇವನ್ನು ರಾತ್ರಿಗೆ ಮುಂದೂಡಬಹುದು.

ಒಂಟಿ ಕಂಪ್ಯೂಟರು, ನೇರ ಕೇಬಲ್ಲು, ಆಗಲೂ ನಿಧಾನ ಎಂದರೆ ದೋಷ ತಂತಿಯದು. ಫೈಬರ್ ಒಳಗೆ ಹರಿಯುವುದು ಬೆಳಕು. ಅದನ್ನು ಮೊಳೆಗೆ ಸುತ್ತಿ ಚೂಪಾಗಿ ಬಗ್ಗಿಸಿದರೆ ಬೆಳಕು ಸೋರಿಹೋಗುತ್ತದೆ. ನಮ್ಮ ಸೀಮೆಯಲ್ಲಿ ಮರದಿಂದ ಮರಕ್ಕೆ ಕಟ್ಟಿದ ತಂತಿಯ ಮೇಲೆ ಗರಿ ಬೀಳುವುದು, ಅಳಿಲು ಕಡಿಯುವುದು, ರಸ್ತೆ ಅಗಲ ಮಾಡುವ ಜೆಸಿಬಿಗೆ ಸಿಕ್ಕಿ ತುಂಡಾಗುವುದು ಎಲ್ಲರೂ ಕಂಡದ್ದೇ. ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿನುಗಿದರೆ ಬೆಳಕು ತಲುಪುತ್ತಿಲ್ಲವೆಂದು ಅರ್ಥ, ಅದು ನಮ್ಮಿಂದ ಆಗುವ ಕೆಲಸವಲ್ಲ. ಬೆಳಿಗ್ಗೆ ಸರಿಯಿದ್ದು ರಾತ್ರಿ ಮಾತ್ರ ಕುಸಿದರೆ, ಒಂದೇ ಕಾಲುವೆಗೆ ಹೆಚ್ಚು ಅಚ್ಚುಕಟ್ಟು ಸೇರಿಸಿದ್ದಾರೆ ಎಂಬ ಶಂಕೆಗೆ ಕಾರಣವಿದೆ. ಆಗ ನಿಮ್ಮ ವಾರದ ಪುಸ್ತಕವೇ ಸಾಕ್ಷಿ. ದೂರು ಕೊಟ್ಟು ಸಂಖ್ಯೆ ಪಡೆಯಿರಿ. ಪರಿಹಾರ ಸಿಗದಿದ್ದರೆ ಟ್ರಾಯ್‌ನ 2012ರ ನಿಯಮದ ಪ್ರಕಾರ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಶುಲ್ಕವಿಲ್ಲದೆ ಮನವಿ ಸಲ್ಲಿಸಬಹುದು. ಬ್ರಾಡ್‌ಬ್ಯಾಂಡ್ ಎಂದು ಕರೆಸಿಕೊಳ್ಳಲು ಬೇಕಾದ ಕನಿಷ್ಠ ಇಳಿಕೆಯ ವೇಗವನ್ನು 2023ರ ಜನವರಿಯಲ್ಲಿ 512 ಕಿಲೋಬಿಟ್‌ನಿಂದ 2 ಮೆಗಾಬಿಟ್‌ಗೆ ಏರಿಸಲಾಗಿದೆ ಎಂಬುದೂ ದೂರು ಬರೆಯುವಾಗ ನೆನಪಿರಲಿ.

ನಾಲ್ಕನೆಯದು ಸರ್ವರ್. ಬೇರೆಲ್ಲ ಪುಟಗಳು ಚುರುಕಾಗಿ ತೆರೆದು ಒಂದೇ ಪುಟ ಸುತ್ತುತ್ತಿದ್ದರೆ ದೋಷ ಆಚೆ ಬದಿಯದು. ನಾವು ಸಾವಿರ ರೂಪಾಯಿಯ ಪ್ಲಾನು ಹಾಕಿಸಿದರೂ ಅದು ಒಂದು ಕ್ಷಣ ಮೊದಲು ತೆರೆಯದು.

ಇಲ್ಲಿಂದ ಮುಂದಿನದು ನಮ್ಮ ಅಭಿಪ್ರಾಯ. 2024ರ ಫೆಬ್ರವರಿಯಲ್ಲಿ ನಡೆದದ್ದನ್ನು ಈ ಸೀಮೆ ಮರೆತಿರಲಾರದು. ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿತ್ತು, ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗಿತ್ತು. ನೋಂದಣಿ ಆರಂಭವಾದ ಕೆಲವೇ ದಿನಗಳಲ್ಲಿ ನಿಗದಿತ ಪ್ರಮಾಣ ಭರ್ತಿಯಾಯಿತೆಂದು ಮುಗಿಸಲಾಯಿತು. ಅಕ್ರಮದ ದೂರುಗಳು ಬಂದು, ಆ ನೋಂದಣಿಯನ್ನೇ ರದ್ದುಗೊಳಿಸಿ ಮಾರ್ಚ್‌ನಲ್ಲಿ ಹೊಸದಾಗಿ ಮಾಡಬೇಕಾಯಿತು. ಅಕ್ರಮದ ಮಾತು ಹಾಗಿರಲಿ. ಅಕ್ರಮವೇ ಇಲ್ಲದಿದ್ದರೂ, ಮೊದಲು ಬಂದವರಿಗೆ ಮೊದಲ ಆದ್ಯತೆ ಎಂಬ ನಿಯಮ ತಂತಿಯ ಮೇಲೆ ಬಂದಾಗ ಅದು ವೇಗದ ತಂತಿಯವನಿಗೆ ಮೊದಲ ಆದ್ಯತೆ ಎಂದಾಗುತ್ತದೆ. ಒಂದೇ ಬರಗಾಲ ಕಂಡ, ಒಂದೇ ದರಕ್ಕೆ ಕಾಯಿ ಸುಲಿಸಿದ ಇಬ್ಬರು ರೈತರಲ್ಲಿ ಪೇಟೆಯ ಪಕ್ಕದವನಿಗೆ ಬೆಲೆ ಸಿಕ್ಕಿ, ಹಳ್ಳಿಯ ಕೊನೆಯವನಿಗೆ ಸಿಗದಿರುವುದು ಯಾವ ನ್ಯಾಯ?

ಆದ್ದರಿಂದ ನಮ್ಮ ಸೂಚನೆ ಮೂರು. ನೋಂದಣಿಗೆ ನಿರ್ದಿಷ್ಟ ದಿನಗಳನ್ನು ಕೊಟ್ಟು, ಆ ಅವಧಿಯಲ್ಲಿ ಬಂದ ಎಲ್ಲ ಅರ್ಹರಿಗೂ ನಿಗದಿತ ಪ್ರಮಾಣವನ್ನು ಹಿಡುವಳಿಗೆ ತಕ್ಕಂತೆ ಹಂಚಬೇಕು. ಸರ್ವರ್ ನಿಂತ ಗಂಟೆಗಳಷ್ಟು ಅವಧಿಯನ್ನು ವಿಸ್ತರಿಸಬೇಕು. ಸಂಘದಲ್ಲಿ ಹೆಸರು ಬರೆಸಿ ಚೀಟಿ ಪಡೆದ ವೇಳೆಯನ್ನೇ ರೈತ ಹಾಜರಾದ ವೇಳೆಯೆಂದು ಒಪ್ಪಬೇಕು.

2025ರಲ್ಲಿ ಕೊಬ್ಬರಿ 20,000 ರೂಪಾಯಿಯನ್ನೂ ದಾಟಿದ ಮೇಲೆ ಬೆಂಬಲ ಬೆಲೆಯ ಮಾತು ಹಿಂದೆ ಸರಿಯಿತು. ತೆಂಗಿನ ದರ ಏರಿದಲ್ಲೇ ನಿಂತದ್ದನ್ನು ನಾವ್ಯಾರೂ ಕಂಡಿಲ್ಲ. ಸೂರು ಹೊದಿಸುವುದು ಮಳೆಗೆ ಮುಂಚೆಯೇ ಆಗಬೇಕು. ಸದಸ್ಯರು ಒಂದು ವಾರದ ವೇಗದ ಲೆಕ್ಕವನ್ನು ಬರೆದು, ಊರಿನ ಹೆಸರಿನೊಡನೆ ಸಂಘದ ಕಚೇರಿಗೆ ತಲುಪಿಸಬೇಕೆಂದು ವಿನಂತಿ. ಬಿಡಿಯಾಗಿ ಹೇಳಿದ ದೂರು ಗೊಣಗಾಟವೆನಿಸುತ್ತದೆ. ಮೂರು ತಾಲ್ಲೂಕಿನ ಅಂಕಿಗಳು ಒಟ್ಟಾಗಿ ಮುಂದಿದ್ದರೆ ಮನವಿಗೆ ತೂಕ ಬರುತ್ತದೆ. ಆ ಮನವಿಯನ್ನು ಮುಂದಿನ ಆಡಳಿತ ಮಂಡಳಿ ಸಭೆಯ ಮುಂದೆ ಇಡಲು ನಾವು ಸಿದ್ಧರಿದ್ದೇವೆ.

— ಕಾರ್ಯದರ್ಶಿ