ನೋವು ಬರಿಸುವ ಹೆರಿಗೆ: ದಿನ ಗೊತ್ತು ಮಾಡಬಹುದು, ಗಂಟೆ ಗೊತ್ತು ಮಾಡಲಾಗದು



ನಾನು ಹೃದಯದ ವೈದ್ಯ, ಹೆರಿಗೆ ಮಾಡಿಸುವವನಲ್ಲ. ಆದರೂ ಹೆರಿಗೆ ವಾರ್ಡಿನಿಂದ ನನಗೆ ಆಗಾಗ ಕರೆ ಬರುತ್ತದೆ. ಬಿ.ಪಿ. ಏರಿದ ಬಸುರಿಯರು, ಚಿಕ್ಕಂದಿನಲ್ಲಿ ಕೀಲುನೋವಿನ ಜ್ವರ ಬಂದು ಹೃದಯದ ಕವಾಟ ಕಿರಿದಾದವರು, ತಿಂಗಳು ತುಂಬುವಾಗ ಉಸಿರು ಸಾಲದಾದವರು, ಇಂಥವರಲ್ಲಿ ಅನೇಕರಿಗೆ ನೋವು ತಾನಾಗಿ ಬರುವವರೆಗೆ ಕಾಯದೆ ಔಷಧ ಕೊಟ್ಟು ನೋವು ಬರಿಸಬೇಕಾಗುತ್ತದೆ. ಇದಕ್ಕೇ ಆಸ್ಪತ್ರೆಯಲ್ಲಿ ಇಂಡಕ್ಷನ್ ಎನ್ನುತ್ತಾರೆ.

ಜೇಜುರಿ, ಸಾಸವಡ, ನೀರಾ ಭಾಗದಲ್ಲಿ ಎಂಐಡಿಸಿ ಕಾರ್ಖಾನೆಗಳಿಗೆ, ಕಟ್ಟಡದ ಕೆಲಸಕ್ಕೆ, ಕಬ್ಬು ಕಡಿಯಲು ಬಂದಿರುವ ನಮ್ಮ ಕನ್ನಡದ ಮನೆಗಳವರಿಗಾಗಿ ಮುಖ್ಯವಾಗಿ ಇದನ್ನು ಬರೆಯುತ್ತಿದ್ದೇನೆ. ಖಂಡೋಬಾ ಎಂದು ಮರಾಠಿಗರು, ಮೈಲಾರಲಿಂಗ ಎಂದು ನಾವು ಕೈಮುಗಿಯುವ ದೇವರ ಊರು ಇದು. ಆದರೆ ಆಸ್ಪತ್ರೆಯೊಳಗೆ ಹೋದರೆ ಭಾಷೆ ಬೇರೆ, ಹೇಳುವವರು ಕಡಿಮೆ. ಹಾಗಾಗಿ ಮನೆಯವರು ಹೆದರುತ್ತಾರೆ, ಹೆದರಿದವರು ಅವಸರ ಮಾಡುತ್ತಾರೆ.

ನನ್ನ ಅಭಿಪ್ರಾಯ ಇಷ್ಟೇ. *ಕಾರಣವಿದ್ದರೆ ಇಂಡಕ್ಷನ್ ಬೇಡ ಎನ್ನಬೇಡಿ. ಕಾರಣವಿಲ್ಲದೆ ಕೇಳಬೇಡಿ. ಒಮ್ಮೆ ಶುರುವಾದ ಮೇಲೆ ಅವಸರ ಮಾಡಬೇಡಿ.* ಅವಸರದಿಂದ ಆಗುವ ಹಾನಿ ತಾಯಿಗೂ ಮಗುವಿಗೂ ತಟ್ಟುತ್ತದೆ.

*ಯಾರಿಗೆ ಬೇಕಾಗುತ್ತದೆ?*

ದಿನ ತುಂಬಿ 41 ವಾರ ದಾಟಿದವರಿಗೆ, ಬಿ.ಪಿ. 140/90 ಮೇಲೆ ಹೋಗುತ್ತಿರುವವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ, ನೀರು ಹೋಗಿಯೂ ನೋವು ಬರದವರಿಗೆ, ಹೊಟ್ಟೆಯಲ್ಲಿ ಮಗುವಿನ ಬೆಳವಣಿಗೆ ಕುಂಠಿತವಾದವರಿಗೆ, ಹೃದಯದ ಕಾಯಿಲೆ ಇರುವ ಕೆಲವರಿಗೆ. ಇಲ್ಲಿ ಕಾಯುವುದರ ಅಪಾಯ ನೋವು ಬರಿಸುವುದರ ಅಪಾಯಕ್ಕಿಂತ ದೊಡ್ಡದು. "ನಮ್ಮವ್ವ ಮನೆಯಲ್ಲೇ ಆರು ಹೆತ್ತಳು, ತಾನಾಗಿ ಬರಲಿ ಬಿಡಿ" ಎಂದು ಹೊಲದ ಲೆಕ್ಕ ಹಾಕಬೇಡಿ. ಬಿ.ಪಿ. ಏರಿದಾಗ ಒಂದೊಂದು ದಿನವೂ ಲೆಕ್ಕಕ್ಕೆ ಬರುತ್ತದೆ.

ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಇದ್ದರೆ, ಮಗು ಅಡ್ಡಡ್ಡ ಮಲಗಿದ್ದರೆ ನೋವು ಬರಿಸುವುದಿಲ್ಲ. ಹಿಂದೆ ಸಿಜೇರಿಯನ್ ಆಗಿದ್ದರೆ ಮೊದಲ ಮಾತಿನಲ್ಲೇ ಹೇಳಿ, ಹಳೆಯ ಚೀಟಿ ತೋರಿಸಿ. ಹಳೆಯ ಹೊಲಿಗೆ ಇರುವ ಗರ್ಭಕೋಶಕ್ಕೆ ಕೆಲವು ಔಷಧ ಕೊಡಲೇಬಾರದು, ಅದು ಹರಿದುಹೋಗುವ ಭಯವಿದೆ.

"ನೋವು ಬರಿಸಿದರೆ ಕೊನೆಗೆ ಸಿಜೇರಿಯನ್ನೇ ಗತಿ" ಎಂಬ ಮಾತು ಎಲ್ಲ ಕಡೆ ಓಡಾಡುತ್ತದೆ. ಅಮೆರಿಕದಲ್ಲಿ 6,000ಕ್ಕೂ ಹೆಚ್ಚು ಚೊಚ್ಚಲ ಗರ್ಭಿಣಿಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 39ನೇ ವಾರದಲ್ಲಿ ನೋವು ಬರಿಸಿದವರಲ್ಲಿ ನೂರಕ್ಕೆ ಸುಮಾರು 19 ಮಂದಿಗೆ ಸಿಜೇರಿಯನ್ ಆಯಿತು, ಕಾದವರಲ್ಲಿ ಸುಮಾರು 22 ಮಂದಿಗೆ. ಆ ಆಸ್ಪತ್ರೆಗಳಲ್ಲಿ ತಾಳ್ಮೆಯಿಂದ ಕಾಯುವ ವ್ಯವಸ್ಥೆ ಇತ್ತು ಎಂಬುದನ್ನು ಮರೆಯಬಾರದು. ಆರು ಗಂಟೆ ನೋಡಿ "ಆಗಲಿಲ್ಲ" ಎಂದು ಬಿಡುವ ಕಡೆ ಈ ಲೆಕ್ಕ ನಡೆಯುವುದಿಲ್ಲ.

*ದಾಖಲಾದ ಮೇಲೆ ಏನಾಗುತ್ತದೆ?*

1. ಮೊದಲು ದಿನಗಳ ಲೆಕ್ಕ, ಬಿ.ಪಿ., ರಕ್ತ, ಮಗುವಿನ ಭಂಗಿ, ಎದೆಬಡಿತ ನೋಡುತ್ತಾರೆ. ಒಳಪರೀಕ್ಷೆ ಮಾಡಿ ಗರ್ಭಕೋಶದ ಬಾಯಿ ಎಷ್ಟು ಮೆತ್ತಗಾಗಿದೆ, ಎಷ್ಟು ತೆರೆದಿದೆ ಎಂದು ಅಂಕ ಹಾಕುತ್ತಾರೆ. ಇದಕ್ಕೆ ಬಿಷಪ್ ಅಂಕ ಎಂದು ಹೆಸರು. ಅಂಕ 8 ಅಥವಾ ಹೆಚ್ಚಿದ್ದರೆ ದಾರಿ ಸಲೀಸು. 6 ಅಥವಾ ಕಡಿಮೆ ಇದ್ದರೆ ಮೊದಲು ಬಾಯಿಯನ್ನು ಹದ ಮಾಡಬೇಕು.

2. ಹದ ಮಾಡುವ ಕೆಲಸವೇ ಎಲ್ಲಕ್ಕಿಂತ ನಿಧಾನ. ಒಂದು ದಾರಿಯಲ್ಲಿ ಸಣ್ಣ ರಬ್ಬರ್ ನಳಿಕೆ ಇಟ್ಟು ಅದರ ತುದಿಯ ಬಲೂನಿಗೆ ನೀರು ತುಂಬುತ್ತಾರೆ, ಬಾಯಿ ತೆರೆದಾಗ ಅದು ತಾನಾಗಿ ಬೀಳುತ್ತದೆ. ಇನ್ನೊಂದು, ಫ್ರಿಜ್‌ನಲ್ಲಿಡುವ ಜೆಲ್. ಮತ್ತೊಂದು, ಮಿಸೊಪ್ರಾಸ್ಟಾಲ್ ಮಾತ್ರೆ, ಒಮ್ಮೆಗೆ ಬರೀ 25 ಮೈಕ್ರೊಗ್ರಾಂ. ಈ ಹಂತದಲ್ಲಿ ಇಡೀ ರಾತ್ರಿ ಕಳೆದರೂ ಗಟ್ಟಿ ನೋವು ಬರದಿರಬಹುದು. ಗಾಬರಿ ಬೇಡ.

3. ಬಾಯಿ ಹದವಾದ ಮೇಲೆ ನೀರಿನ ಚೀಲ ಒಡೆಯಬಹುದು. ಸಲಾಯಿನ್‌ನಲ್ಲಿ ಆಕ್ಸಿಟೋಸಿನ್ ಹನಿಹನಿಯಾಗಿ ಬಿಡಬಹುದು. ಕಡಿಮೆಯಿಂದ ಆರಂಭಿಸಿ ಮೆಲ್ಲಗೆ ಏರಿಸುತ್ತಾರೆ. 10 ನಿಮಿಷಕ್ಕೆ ಮೂರು ನಾಲ್ಕು ನೋವು ಸಾಕು. ಐದಕ್ಕಿಂತ ಹೆಚ್ಚಾದರೆ ಮಗುವಿಗೆ ಉಸಿರು ಸಿಗದು, ಹನಿ ಕಡಿಮೆ ಮಾಡಬೇಕು ಇಲ್ಲವೇ ನಿಲ್ಲಿಸಬೇಕು. ಹಾಗಾಗಿ ಈ ಹಂತದಲ್ಲಿ ಮಗುವಿನ ಎದೆಬಡಿತ ನೋಡುತ್ತಲೇ ಇರುವ ಜನ ಬೇಕು.

4. ಬಾಯಿ 5 ಸೆಂಟಿಮೀಟರ್ ತೆರೆದ ಮೇಲೆಯೇ ಹೆರಿಗೆ ನಿಜವಾಗಿ ವೇಗ ಹಿಡಿಯುವುದು. ಚೊಚ್ಚಲಾದರೆ ಅಲ್ಲಿಂದ ಮುಂದೆಯೂ ಹಲವು ಗಂಟೆ. ಬರಿಸಿದ ನೋವು ತಾನಾಗಿ ಬಂದ ನೋವಿಗಿಂತ ಜೋರು ಎನಿಸಬಹುದು. ನೋವು ಕಡಿಮೆ ಮಾಡುವ ಔಷಧ, ಬೆನ್ನಿಗೆ ಕೊಡುವ ಎಪಿಡ್ಯೂರಲ್ ಇದೆಯೇ ಎಂದು ಮೊದಲೇ ಕೇಳಿ. ಕೇಳುವುದರಲ್ಲಿ ನಾಚಿಕೆ ಏನಿಲ್ಲ.

ಒಟ್ಟು ಎಷ್ಟು ಹೊತ್ತು? ನಮ್ಮ ಮಹಾರಾಷ್ಟ್ರದ್ದೇ ಉದಾಹರಣೆ ಇದೆ. ನಾಗಪುರದ ಎರಡು ಸರ್ಕಾರಿ ಆಸ್ಪತ್ರೆಗಳಲ್ಲಿ ಬಿ.ಪಿ. ಏರಿದ 602 ಗರ್ಭಿಣಿಯರ ಮೇಲೆ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಬಾಯಿಂದ ಮಿಸೊಪ್ರಾಸ್ಟಾಲ್ ಕೊಟ್ಟವರಲ್ಲಿ ನೂರಕ್ಕೆ 57 ಮಂದಿಗೆ 24 ಗಂಟೆಯೊಳಗೆ ಸಹಜ ಹೆರಿಗೆ ಆಯಿತು, ಬಲೂನು ಇಟ್ಟವರಲ್ಲಿ 47 ಮಂದಿಗೆ. ಅಂದರೆ ವೈದ್ಯರು ಎದುರಿಗೇ ಇದ್ದು ನೋಡಿಕೊಂಡರೂ ಒಂದು ಹಗಲು ಒಂದು ರಾತ್ರಿ ಎಲ್ಲರಿಗೂ ಸಾಲಲಿಲ್ಲ. ಆದ್ದರಿಂದ ಬೆಳಿಗ್ಗೆ ದಾಖಲಾಗಿ ಸಂಜೆಗೆ ಪೇಡೆ ಹಂಚುವ ಲೆಕ್ಕ ಹಾಕಬೇಡಿ. ಎರಡು ದಿನದ ಬಟ್ಟೆ, ಎರಡು ದಿನದ ರಜೆ, ಎರಡು ದಿನದ ತಾಳ್ಮೆ ಇಟ್ಟುಕೊಂಡು ಹೋಗಿ.

ತಾಯಿ ಮಗು ಇಬ್ಬರೂ ಚೆನ್ನಾಗಿದ್ದರೆ, ನೀರು ಒಡೆದು ಹನಿ ಔಷಧ ಕನಿಷ್ಠ 12 ಗಂಟೆ ಹೋಗುವ ಮೊದಲು "ಫೇಲ್ ಆಯಿತು" ಎನ್ನುವುದು ಬಹಳ ಬೇಗ. ಆದರೆ ಮಗುವಿನ ಎದೆಬಡಿತ ಕುಸಿದರೆ, ರಕ್ತಸ್ರಾವವಾದರೆ ಸಿಜೇರಿಯನ್‌ಗೆ ತಡ ಮಾಡಬಾರದು. ಆಗ ಸಹಿಗಾಗಿ ಊರಲ್ಲಿರುವ ಹಿರಿಯರ ಫೋನ್ ಕಾಯುತ್ತಾ ಕೂರಬೇಡಿ. ಯಾರು ಸಹಿ ಹಾಕುವುದು ಎಂದು ಮನೆಯಲ್ಲೇ ಮಾತಾಡಿಕೊಂಡು ಹೋಗಿ.

*"ಎದಿ ವೀಕ್ ಐತಿ, ಸೀದಾ ಆಪರೇಷನ್ ಮಾಡಿಸಿಬಿಡೋಣ್ರಿ?"*

ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಹೃದಯದ ಕಾಯಿಲೆ ಇರುವ ಬಹುತೇಕ ಹೆಂಗಸರಿಗೆ ಸಹಜ ಹೆರಿಗೆಯೇ ಒಳ್ಳೆಯದು. ಆಪರೇಷನ್‌ನಲ್ಲಿ ರಕ್ತ ಹೆಚ್ಚು ಹೋಗುತ್ತದೆ, ಸೋಂಕು, ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಕೆಲವೇ ಕೆಲವು ಕಾಯಿಲೆಗಳಲ್ಲಿ ಸಿಜೇರಿಯನ್ ಬೇಕಾಗುತ್ತದೆ, ಅದನ್ನು ಎಕೊ ನೋಡಿ ಮೊದಲೇ ತೀರ್ಮಾನಿಸುತ್ತೇವೆ.

ಬಸುರಿನಲ್ಲಿ ಮೈಯ ರಕ್ತ ಸುಮಾರು ಅರ್ಧಪಟ್ಟು ಹೆಚ್ಚಿರುತ್ತದೆ. ಪ್ರತಿ ನೋವಿಗೂ ಗರ್ಭಕೋಶ ಹಿಂಡಿ 300ರಿಂದ 500 ಮಿಲಿಲೀಟರ್ ರಕ್ತವನ್ನು ಹೃದಯದತ್ತ ನೂಕುತ್ತದೆ. ಗಟ್ಟಿ ಹೃದಯ ತಾಳಿಕೊಳ್ಳುತ್ತದೆ. ಕಿರಿದಾದ ಕವಾಟದ ಹೃದಯಕ್ಕೆ ಎದೆಬಡಿತ ಓಡತೊಡಗಿದರೆ ಶ್ವಾಸಕೋಶದಲ್ಲಿ ನೀರು ನಿಲ್ಲುತ್ತದೆ. ಇಂಥವರಿಗೆ ಹಗಲಿನಲ್ಲಿ, ತಜ್ಞರಿರುವ ದೊಡ್ಡ ಆಸ್ಪತ್ರೆಯಲ್ಲಿ, ಅರಿವಳಿಕೆ ವೈದ್ಯರು ಪಕ್ಕದಲ್ಲಿರುವಾಗ ಹೆರಿಗೆಯಾಗಲಿ ಎಂದೇ ನಾವು ದಿನ ಗೊತ್ತುಮಾಡಿ ಇಂಡಕ್ಷನ್ ಮಾಡಿಸುವುದು.

ಮಗು ಹೊರಬಂದ ಕೂಡಲೇ "ಗೆದ್ದೆವು" ಎಂದುಕೊಳ್ಳಬೇಡಿ. ಹೃದಯಕ್ಕೆ ಅತಿ ಹೆಚ್ಚು ಭಾರ ಬೀಳುವುದು ಆಗಲೇ. ಮೊದಲ ಒಂದೆರಡು ದಿನ ಗಮನ ಬೇಕು. ಹೃದಯದ ಸ್ನಾಯು ಸೋಲುವ ಒಂದು ಕಾಯಿಲೆ ಹೆರಿಗೆಯಾಗಿ ಐದು ತಿಂಗಳವರೆಗೂ ಕಾಣಿಸಿಕೊಳ್ಳಬಹುದು. ಬಾಣಂತಿಗೆ ಮಲಗಿದರೆ ಉಸಿರುಗಟ್ಟುವುದು, ರಾತ್ರಿ ಎದ್ದು ಕೂರುವುದು, ಕೆಮ್ಮಿನಲ್ಲಿ ಗುಲಾಬಿ ನೊರೆ, ಕಾಲೂತ ಏರುತ್ತಲೇ ಹೋಗುವುದು ಕಂಡರೆ "ಬಾಣಂತಿ ನಂಜು" ಎಂದು ಕಷಾಯ ಕೊಡುತ್ತಾ ಕೂರಬೇಡಿ. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

*ನೋವಿನ ಸೂಜಿ, ಕಿರಾಣಿ ಸೂಜಿಯಲ್ಲ*

ಎಮ್ಮೆ ಹಾಲು ಬಿಡಲೆಂದು ಕೆಲವರು ಕದ್ದುಮುಚ್ಚಿ ಚುಚ್ಚುವ ಔಷಧವೂ ಆಕ್ಸಿಟೋಸಿನ್ನೇ. ಅದೇ ಔಷಧವನ್ನು ಮನೆಯಲ್ಲೋ ಸಣ್ಣ ದವಾಖಾನೆಯಲ್ಲೋ "ಬೇಗ ಆಗಲಿ" ಎಂದು ಸೊಂಟಕ್ಕೆ ಚುಚ್ಚಿಸಿಕೊಳ್ಳುವವರು ಇಂದಿಗೂ ಇದ್ದಾರೆ. ಹನಿಯಾದರೆ ನಿಲ್ಲಿಸಬಹುದು. ಚುಚ್ಚಿದ್ದನ್ನು ವಾಪಸ್ ತೆಗೆಯಲಾಗದು. ಗರ್ಭಕೋಶ ಹರಿಯಬಹುದು, ಮಗು ಒಳಗೇ ಉಸಿರುಗಟ್ಟಬಹುದು. *ಮಗು ಹುಟ್ಟುವ ಮೊದಲು ಈ ಸೂಜಿ ಬೇಡವೇ ಬೇಡ.* ಮಗು ಹುಟ್ಟಿದ ಮೇಲೆ ರಕ್ತ ನಿಲ್ಲಲು ಆಸ್ಪತ್ರೆಯಲ್ಲಿ ಕೊಡುವ ಇದೇ ಸೂಜಿ ಜೀವ ಉಳಿಸುತ್ತದೆ, ಅದನ್ನು ಬೇಡ ಎನ್ನಬೇಡಿ.

ಹಾಗೆಯೇ ಮೆಡಿಕಲ್ ಅಂಗಡಿಯಿಂದ ಮಿಸೊಪ್ರಾಸ್ಟಾಲ್ ತಂದು ನುಂಗಬೇಡಿ. ಅಲ್ಲಿ ಸಿಗುವ 200 ಮೈಕ್ರೊಗ್ರಾಂ ಮಾತ್ರೆ ಹೆರಿಗೆಗೆ ಬೇಕಾದ ಪ್ರಮಾಣದ ಎಂಟರಷ್ಟು.

*ಜೇಜುರಿಯವರಿಗೆ ಒಂದಿಷ್ಟು ಮಾತು*

ಅಮಾವಾಸ್ಯೆ ಬೇಡ, ಒಳ್ಳೆಯ ನಕ್ಷತ್ರ ಇರಲಿ ಎಂದು ಇಂಡಕ್ಷನ್‌ಗೆ ಮುಹೂರ್ತ ಕೇಳುವವರಿದ್ದಾರೆ. ಔಷಧಕ್ಕೆ ಪಂಚಾಂಗ ತಿಳಿಯದು. ಆದರೂ ನೀವು ಕ್ಯಾಲೆಂಡರ್ ನೋಡಲೇಬೇಕು, ರಸ್ತೆಗಾಗಿ! ಸೋಮವತಿ ಅಮಾವಾಸ್ಯೆಯಂದು ದೇವರ ಪಲ್ಲಕ್ಕಿ ಕರ್ಹಾ ನದಿಗೆ ಇಳಿಯುವಾಗ ಊರಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆಷಾಢ ವಾರಿಯಲ್ಲಿ ಜ್ಞಾನೇಶ್ವರ ಮಹಾರಾಜರ ಪಾಲಖಿ ದಿವೆ ಘಾಟ್ ಏರಿ ಸಾಸವಡದ ಮೇಲೆ ಜೇಜುರಿಗೆ ಬರುವ ದಿನಗಳಲ್ಲಿ ಪುಣೆಯ ದಾರಿಯನ್ನೇ ತಿರುಗಿಸಿರುತ್ತಾರೆ. ಪುಣೆಯ ಸಸೂನ್ ಆಸ್ಪತ್ರೆಯಾಗಲಿ ಬಾರಾಮತಿಯ ಸರ್ಕಾರಿ ವೈದ್ಯಕೀಯ ಕಾಲೇಜಾಗಲಿ ಇಲ್ಲಿಂದ ಸುಮಾರು 50 ಕಿಲೋಮೀಟರ್. ಬಿ.ಪಿ. ಅಥವಾ ಹೃದಯದ ತೊಂದರೆ ಇದ್ದರೆ ಅಂಥ ದಿನಗಳಿಗೆ ಮೊದಲೇ ದೊಡ್ಡ ಆಸ್ಪತ್ರೆ ಸೇರಿಕೊಳ್ಳಿ. ತುರ್ತಿಗೆ 108ಕ್ಕೆ ಕರೆ ಮಾಡಿ.

ಸರ್ಕಾರಿ ಆಸ್ಪತ್ರೆಯಲ್ಲಿ 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಹೆರಿಗೆ, ಸಿಜೇರಿಯನ್, ಔಷಧ, ರಕ್ತ, ಪರೀಕ್ಷೆ, ಊಟ ಎಲ್ಲವೂ ಉಚಿತ. ಖರ್ಚಿಗೆ ಹೆದರಿ ತಡ ಮಾಡಬೇಡಿ.

ಜೊತೆಗೆ ಮರಾಠಿ ಬಲ್ಲ ಒಬ್ಬ ಹೆಣ್ಣುಮಗಳನ್ನು ಕರೆದುಕೊಂಡು ಹೋಗಿ. ಯಾರೂ ಸಿಗದಿದ್ದರೆ ಈ ನಾಲ್ಕು ಮಾತನ್ನು ಗರ್ಭಿಣಿಗೆ ಬಾಯಿಪಾಠ ಮಾಡಿಸಿ:

▪️ ಉಸಿರು ಸಾಲುತ್ತಿಲ್ಲ: *ಮಲಾ ದಮ್ ಲಾಗತೋಯ್*
▪️ ಮಗು ಅಲುಗಾಡುತ್ತಿಲ್ಲ: *ಬಾಳ ಹಲತ್ ನಾಹೀ*
▪️ ರಕ್ತ ಹೋಗುತ್ತಿದೆ: *ರಕ್ತ ಜಾತಂಯ್*
▪️ ತಲೆ ಬಹಳ ನೋಯುತ್ತಿದೆ: *ಡೋಕಂ ಖೂಪ್ ದುಖತಂಯ್*

*ವೈದ್ಯರನ್ನು ಕೇಳಬೇಕಾದ ಐದು ಪ್ರಶ್ನೆ*

1. ನೋವು ಬರಿಸಲು ಕಾರಣ ಏನು? ಎರಡು ದಿನ ಕಾದರೆ ಏನಾಗುತ್ತದೆ?
2. ಗರ್ಭಕೋಶದ ಬಾಯಿ ಹದವಾಗಿದೆಯೇ? ಯಾವ ವಿಧಾನ ಬಳಸುತ್ತೀರಿ?
3. ರಾತ್ರಿ ಮಗುವಿನ ಎದೆಬಡಿತ ನೋಡುವವರು ಯಾರು?
4. ರಾತ್ರಿಯೂ ಇಲ್ಲೇ ಸಿಜೇರಿಯನ್ ಮಾಡಲು ಆಗುತ್ತದೆಯೇ? ರಕ್ತ ಸಿಗುತ್ತದೆಯೇ?
5. ಎಷ್ಟು ಹೊತ್ತು ನೋಡಿ, ಮುಂದೇನು ಮಾಡುತ್ತೀರಿ?

ಮೂರನೆಯ ಮತ್ತು ನಾಲ್ಕನೆಯ ಪ್ರಶ್ನೆಗೆ ನೇರ ಉತ್ತರ ಸಿಗದ ಕಡೆ ನೋವು ಬರಿಸಿಕೊಳ್ಳಬೇಡಿ, ಆಸ್ಪತ್ರೆ ಎಷ್ಟೇ ಹತ್ತಿರವಿರಲಿ, ಎಷ್ಟೇ ಅಗ್ಗವಿರಲಿ. ಕೇಳಿದರೆ ಡಾಕ್ಟರು ಸಿಟ್ಟಾಗುತ್ತಾರೆ ಎಂದು ಸುಮ್ಮನಿರಬೇಡಿ. ಇವು ನನ್ನ ಸ್ವಂತ ತಂಗಿಗೂ ನಾನು ಕೇಳುವ ಪ್ರಶ್ನೆಗಳೇ.

ಇದು ತಿಳಿವಳಿಕೆಗಾಗಿ ಮಾತ್ರ. ನಿಮ್ಮನ್ನು ನೋಡಿದ ವೈದ್ಯರ ಸಲಹೆಯೇ ಅಂತಿಮ. ಮನೆಯಲ್ಲಿ, ಓಣಿಯಲ್ಲಿ ಏಳು ತಿಂಗಳು ದಾಟಿದ ಬಸುರಿ ಇದ್ದರೆ ಅವರ ಗಂಡನಿಗೂ ಅತ್ತೆಗೂ ಇದನ್ನು ಕಳಿಸಿ. ಓದಲು ಬಾರದವರಿಗೆ ಓದಿ ಹೇಳಿ. 🙏

— ಹೃದ್ರೋಗ ತಜ್ಞ, ಎಂ.ಡಿ., ಪುಣೆ ಜಿಲ್ಲೆ